ದಾಖಲಾತಿ ವಹಿಯಲ್ಲಿ ಅರವತ್ತು ಜೂನ್

ನಮ್ಮ ಪ್ರೌಢಶಾಲೆಯ ಕಚೇರಿಯಲ್ಲಿ ಹೆಡ್ ಮೇಷ್ಟ್ರ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಬೀರು ಇದೆ. ಅದರ ಕೆಳಗಿನ ಅರೆಯಲ್ಲಿ, ಮಳೆಗಾಲದ ಥಂಡಿ ತಾಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟ ದಾಖಲಾತಿ ವಹಿಗಳಿವೆ. ವಜ್ರ ಮಹೋತ್ಸವದ ಸಂಚಿಕೆಗೆ ಶಾಲೆಯ ಇತಿಹಾಸ ಬರೆದುಕೊಡಿ ಎಂದು ಸಮಿತಿಯವರು ಮನೆಗೆ ಬಂದು ಹೇಳಿದಾಗ ನಾನು ಕೇಳಿದ್ದು ಆ ಬೀರುವಿನ ಬೀಗದ ಕೈಯೊಂದನ್ನೇ. ಉದ್ಘಾಟನೆ ಮಾಡಿದ ಮಂತ್ರಿಗಳ ಹೆಸರು ಗೋಡೆಯ ಕಲ್ಲಿನಲ್ಲಿದೆ. ದಾನಿಗಳ ಹೆಸರು ವರಾಂಡದ ಹಲಗೆಯಲ್ಲಿದೆ. ಮಕ್ಕಳ ಹೆಸರು ಇರುವುದು ಈ ವಹಿಗಳಲ್ಲಿ ಮಾತ್ರ.

ಬೇರೆ ವೃತ್ತಿಯವರಿಗೆ ಹೊಸ ವರ್ಷ ಜನವರಿಗೋ ಯುಗಾದಿಗೋ ಬರುತ್ತದೆ. ಮೇಷ್ಟ್ರಿಗೆ ಅದು ಬರುವುದು ಜೂನ್‌ನಲ್ಲಿ. ಮಲೆನಾಡಿನ ಮೇಷ್ಟ್ರಿಗಂತೂ ಮುಂಗಾರು ಮತ್ತು ಎಂಟನೇ ತರಗತಿ ಒಂದೇ ವಾರದಲ್ಲಿ ಬಾಗಿಲು ತಟ್ಟುತ್ತವೆ. ಹೀಗಾಗಿ ವಹಿಯ ಪುಟಗಳಲ್ಲಿ ಜೂನ್ ತಿಂಗಳ ನಮೂದುಗಳನ್ನಷ್ಟೇ ಸಾಲಾಗಿ ಓದುತ್ತ ಹೋದೆ. ಹದಿನೈದು ದಿನ ಹಿಡಿಯಿತು. ನಾನು ಮೂವತ್ತೈದು ವರ್ಷ ಈ ಸೀಮೆಯಲ್ಲಿ ಪಾಠ ಹೇಳಿಯೂ ಗಮನಿಸದೆ ಹೋಗಿದ್ದ ಎಷ್ಟೋ ಸಂಗತಿಗಳು ಆ ಅಂಕಣಗಳಲ್ಲಿ ತಣ್ಣಗೆ ಕುಳಿತಿದ್ದವು.

ಮೊದಲು ಕಣ್ಣಿಗೆ ಬೀಳುವುದು ಜನ್ಮದಿನಾಂಕ. ಹಳೆಯ ವಹಿಯ ಯಾವ ಪುಟ ತೆರೆದರೂ ಮಕ್ಕಳು ಗುಂಪುಗುಂಪಾಗಿ ಜೂನ್ 1ರಂದು ಹುಟ್ಟಿದ್ದಾರೆ. ಇದು ನಮ್ಮ ಊರಿನದೊಂದೇ ಕತೆಯಲ್ಲ, ಆ ತಲೆಮಾರಿನ ಎಷ್ಟೋ ಊರುಗಳದ್ದು. ಹೆರಿಗೆ ಮನೆಯಲ್ಲಿ ಆಗುತ್ತಿತ್ತು, ಬರೆದಿಡುವವರಿರಲಿಲ್ಲ. ಒಂದನೇ ತರಗತಿಗೆ ಸೇರಿಸುವಾಗ ‘ಆ ದೊಡ್ಡ ಮಳೆ ಬಂದ ವರ್ಷ’, ‘ಜಾತ್ರೆ ಆಗಿ ಎಂಟು ದಿನಕ್ಕೆ’ ಎಂದು ತಾಯಿ ಹೇಳಿದ್ದನ್ನು ಕೇಳಿಸಿಕೊಂಡ ಪ್ರಾಥಮಿಕ ಶಾಲೆಯ ಮೇಷ್ಟ್ರು, ವಯಸ್ಸಿನ ಲೆಕ್ಕ ಸರಿಹೊಂದುವಂತೆ ಜೂನ್ ಒಂದು ಎಂದು ಬರೆಯುತ್ತಿದ್ದರು. ಅದೇ ತಾರೀಖು ಟಿ.ಸಿ.ಯಲ್ಲಿ ಇಳಿದು ಪ್ರೌಢಶಾಲೆಗೆ ಬಂತು, ಇಲ್ಲಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ನೌಕರಿಗೆ, ಪಿಂಚಣಿಗೆ. ನನ್ನ ಹುಟ್ಟುಹಬ್ಬವೂ ಅದೇ ದಿನ. ಈ ಶಾಲೆಯಲ್ಲಿ ಕಲಿತವರಲ್ಲಿ ನನ್ನ ಜೊತೆಯವರು ನೂರಾರು ಮಂದಿ ಇದ್ದಾರೆ. ವಹಿ ಹೊಸದಾದಂತೆ ಜೂನ್ ಒಂದರ ಹುಟ್ಟು ಕಡಿಮೆಯಾಗುತ್ತ ಬರುತ್ತದೆ. ತಾರೀಖುಗಳು ವರ್ಷದ ಉದ್ದಕ್ಕೂ ಚದುರುತ್ತವೆ. ಹೆರಿಗೆ ಆಸ್ಪತ್ರೆಗೆ ಹೋದದ್ದು, ಜನನ ಪ್ರಮಾಣಪತ್ರ ಬಂದದ್ದು ಹೀಗೆ ಶಾಲೆಯ ಪುಸ್ತಕದಲ್ಲಿ ದಾಖಲಾಗಿದೆ.

ಎರಡನೆಯ ಅಂಕಣ ಜನ್ಮಸ್ಥಳ. ಇದನ್ನು ಓದುವಾಗ ನನಗೆ ಸಂಕಟವಾಯಿತು. ನಮ್ಮ ಶಾಲೆ ಹುಟ್ಟಿದ್ದು ಮುಳುಗಡೆಯ ಬೆನ್ನಿಗೆ. ಶರಾವತಿಗೆ 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಬಂದಾಗಲೇ ಒಂದಷ್ಟು ಊರು ನೀರಿಗೆ ಹೋಗಿದ್ದವು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಹಳೆಯ ಅಣೆಕಟ್ಟೆಯೇ ಹೊಸ ನೀರಿನಲ್ಲಿ ಮುಳುಗಿತು. ಸಾಗರ, ಹೊಸನಗರ ತಾಲೂಕುಗಳ ಸಾವಿರಾರು ಕುಟುಂಬಗಳು ಗಂಟುಮೂಟೆ, ದನಕರು, ದೇವರ ಕಲ್ಲು ಹೊತ್ತು ಗುಡ್ಡ ಹತ್ತಿದವು. ನಾಡಿಗೆ ಬೆಳಕು ಕೊಟ್ಟವರ ಮನೆಗಳಲ್ಲಿ ಚಿಮಣಿ ಬುಡ್ಡಿ ಉರಿಯುತ್ತಿದ್ದ ಕಾಲ ಅದು. ಅಂಥ ಕುಟುಂಬಗಳು ಬಂದು ನೆಲೆಯೂರಿದ ಜಾಗದಲ್ಲಿ, ಊರವರೇ ಮರ ಕೊಟ್ಟು ಮಣ್ಣು ಹೊತ್ತು ಎಬ್ಬಿಸಿದ ಹಂಚಿನ ಸೂರಿನಡಿ ಎಂಟನೇ ತರಗತಿ ಶುರುವಾಯಿತು. ಮೊದಲ ವಹಿಯಲ್ಲಿ ಜನ್ಮಸ್ಥಳದ ಅಂಕಣದಲ್ಲಿರುವ ಹಲವು ಹಳ್ಳಿಗಳು ಅಷ್ಟು ಹೊತ್ತಿಗಾಗಲೇ ನೀರಿನಡಿಗೆ ಹೋಗಿದ್ದವು. ‘ಹಿಂದೆ ಓದಿದ ಶಾಲೆ’ ಎಂಬ ಅಂಕಣದಲ್ಲಿ ಬರೆದ ಶಾಲೆಯೂ ಇರಲಿಲ್ಲ. ಇಲ್ಲದ ಊರಿನ ಇಲ್ಲದ ಶಾಲೆಯಿಂದ ಮಗು ತಂದ ಟಿ.ಸಿ.ಯನ್ನು ಅಂದಿನ ಹೆಡ್ ಮೇಷ್ಟ್ರು ಪ್ರಶ್ನೆ ಮಾಡದೆ ಸ್ವೀಕರಿಸಿ, ದುಂಡಗೆ ಬರೆದುಕೊಂಡಿದ್ದಾರೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಮಡೆನೂರಿನ ಆ ಹಳೆಯ ಅಣೆಕಟ್ಟೆ ಮೇಲೆದ್ದು ಕಾಣುತ್ತದೆ, ನೋಡಲು ಜನ ಬರುತ್ತಾರೆ. ಮುಳುಗಿದ ಊರುಗಳ ಹೆಸರನ್ನು ನೋಡಬೇಕೆಂದಿದ್ದರೆ ನಮ್ಮ ಶಾಲೆಯ ಬೀರುವಿಗೂ ಬರಬೇಕು. 1980ರ ದಶಕದಲ್ಲಿ ಚಕ್ರಾ, ಸಾವೇಹಕ್ಲು, ವಾರಾಹಿಯ ಮಾಣಿ ಜಲಾಶಯಗಳು ತುಂಬಿದಾಗ ವಹಿಯಲ್ಲಿ ಅಂಥ ಹೆಸರುಗಳ ಇನ್ನೊಂದು ಸಾಲು ಸೇರಿತು.

ಮೂರನೆಯದು ತಂದೆಯ ಉದ್ಯೋಗ. ಮೊದಲ ವರ್ಷಗಳಲ್ಲಿ ‘ಜಮೀನು’ ಎಂದು ಬರೆಸಿದವರು ಕೆಲವೇ ಮಂದಿ. ‘ಗೇಣಿ’ ಎಂದು ಬರೆಸಿದವರು ಇನ್ನೂ ಕಡಿಮೆ. ಗೇಣಿದಾರರು ಕಡಿಮೆಯಿದ್ದರೆಂದಲ್ಲ, ಅವರ ಮಕ್ಕಳು ಏಳನೆಯದರ ಆಚೆ ಬರುತ್ತಿರಲಿಲ್ಲ. ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರ ಹೆಸರು ಆ ಹೋರಾಟದ ಜೊತೆ ಇಂದಿಗೂ ಬೆರೆತಿದೆ. ಆ ಕೂಗಿಗೆ ಕಾನೂನಿನ ಉತ್ತರ ಸಿಕ್ಕಿದ್ದು 1974ರಲ್ಲಿ, ದೇವರಾಜ ಅರಸರ ಭೂಸುಧಾರಣೆಯಲ್ಲಿ. ಗೇಣಿದಾರರು ಫಾರಂ ಏಳು ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಅದಾಗಿ ಕೆಲವು ವರ್ಷಕ್ಕೆ ನಮ್ಮ ವಹಿಯ ಬಣ್ಣವೇ ಬದಲಾಯಿತು. ‘ವ್ಯವಸಾಯ’ ಎಂಬ ಪದ ಪುಟದ ತುಂಬ ಬರತೊಡಗಿತು. ಅಕ್ಷರ ಬಾರದ ಅಪ್ಪ ಹೆಬ್ಬೆಟ್ಟು ಒತ್ತಿದ ಸಾಲುಗಳು ಹೆಚ್ಚಾದವು. ಆ ಹೆಬ್ಬೆಟ್ಟಿನ ನೀಲಿ ಗುರುತುಗಳನ್ನು ಮುಟ್ಟಿ ನೋಡಿದೆ. ನೆಲ ಸಿಕ್ಕ ಮನೆಯಿಂದ ಮೊದಲು ಹೊರಟದ್ದು ಮಗನ ಕೈಯಲ್ಲೊಂದು ಪಾಟೀಚೀಲ. ಮಗಳ ಸರದಿ ಬರಲು ಇನ್ನೂ ಕಾಯಬೇಕಿತ್ತು.

ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕೆಂದು ನಾಡೆಲ್ಲ ಬೀದಿಗಿಳಿದ 1982ರ ಗೋಕಾಕ್ ಚಳವಳಿಯ ಮರುವರ್ಷ ನಾನು ಕನ್ನಡ ಮೇಷ್ಟ್ರಾಗಿ ಇಲ್ಲಿಗೆ ಬಂದೆ. ಜೂನ್‌ನ ಮೊದಲ ವಾರ. ಬಸ್ಸು ಇಳಿದ ಕಡೆಯಿಂದ ಶಾಲೆಗೆ ಎರಡು ಮೈಲಿ, ನಡುವೆ ಒಂದು ಹಳ್ಳ, ಹಳ್ಳಕ್ಕೆ ಅಡಿಕೆ ದಬ್ಬೆಯ ಕಾಲುಸಂಕ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದಾದ ಹುಲಿಕಲ್ ನಮ್ಮ ಹೊಸನಗರ ತಾಲೂಕಿನಲ್ಲೇ ಇದೆ ಎಂದರೆ ಉಳಿದದ್ದನ್ನು ಓದುಗರು ಊಹಿಸಿಕೊಳ್ಳಬಹುದು. ಮಕ್ಕಳು ಕಂಬಳಿಕೊಪ್ಪೆ ಹಾಕಿಕೊಂಡು, ಪುಸ್ತಕವನ್ನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅಂಗಿಯೊಳಗೆ ಅವುಚಿಕೊಂಡು ಬರುತ್ತಿದ್ದರು. ವರಾಂಡದಲ್ಲಿ ಕೊಪ್ಪೆಗಳನ್ನು ನೇತುಹಾಕಲು ಉದ್ದಕ್ಕೆ ಬಿದಿರ ಗಳ ಕಟ್ಟಿದ್ದೆವು. ಒದ್ದೆ ಕಂಬಳಿಯ ವಾಸನೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಗತಿ ಬಿಟ್ಟು ಹೋಗುತ್ತಿರಲಿಲ್ಲ. ಹಂಚಿನ ಮೇಲೆ ಮಳೆ ಜೋರಾದರೆ ಪಾಠ ಕೇಳಿಸುತ್ತಿರಲಿಲ್ಲ. ಆಗ ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ನಕಲು ಮಾಡುವುದು. ನಮ್ಮ ಶಾಲೆಯ ಮಕ್ಕಳ ಅಕ್ಷರ ದುಂಡಗಿರುತ್ತದೆಂದು ಪರೀಕ್ಷಾ ಮೌಲ್ಯಮಾಪನಕ್ಕೆ ಹೋದಾಗ ಬೇರೆ ಊರಿನ ಮೇಷ್ಟ್ರುಗಳು ಹೇಳುತ್ತಿದ್ದರು. ಅದರ ಪುಣ್ಯದಲ್ಲಿ ಮಳೆಗೂ ಪಾಲಿದೆ.

ಆಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಅದನ್ನು ದಾಟಿದವರು ಮಾತ್ರ ನಮ್ಮ ಬಾಗಿಲಿಗೆ ಬರುತ್ತಿದ್ದರು. ಪಠ್ಯಪುಸ್ತಕ ಪೇಟೆಗೆ ಬರುವುದು ತಡವಾದರೆ ಹಿಂದಿನ ವರ್ಷದವರ ಪುಸ್ತಕವನ್ನು ಅರ್ಧ ಬೆಲೆಗೆ ಕೊಂಡು, ರಟ್ಟು ಹಾಕಿಸಿಕೊಂಡು ಓದುವುದು. ಒಂದೇ ವಿಜ್ಞಾನ ಪುಸ್ತಕದ ಮೊದಲ ಪುಟದಲ್ಲಿ ಅಣ್ಣ, ತಮ್ಮ, ಪಕ್ಕದ ಮನೆಯವನು, ಅವನ ತಂಗಿ ಎಂದು ನಾಲ್ಕು ಹೆಸರು ಇದ್ದದ್ದನ್ನು ನೋಡಿದ್ದೇನೆ.

ಇನ್ನು ಹುಡುಗಿಯರ ವಿಷಯ. ಈ ಲೇಖನ ಬರೆಯಲು ಒಪ್ಪಿಕೊಂಡದ್ದೇ ಇದನ್ನು ಹೇಳಲಿಕ್ಕೆ ಎಂದರೂ ಸರಿ.

ನಾನು ಬಂದ ವರ್ಷದ ಎಂಟನೇ ತರಗತಿಯ ಪಟ್ಟಿಯಲ್ಲಿ ಹುಡುಗಿಯರು ಒಂದು ಬೆಂಚಿಗೆ ಸಾಕಾಗುವಷ್ಟೇ ಇದ್ದರು. ಸುತ್ತಲಿನ ಪ್ರಾಥಮಿಕ ಶಾಲೆಗಳಲ್ಲಿ ಏಳನೇ ತರಗತಿ ಮುಗಿಸಿದ ಹುಡುಗಿಯರು ಇದಕ್ಕಿಂತ ಬಹಳ ಹೆಚ್ಚು. ನಡುವೆ ಅವರೆಲ್ಲ ಎಲ್ಲಿ ಹೋದರು? ನಾನೂ ಗಣಿತದ ಮೇಷ್ಟ್ರೂ ಸೇರಿ ಶನಿವಾರ ಮಧ್ಯಾಹ್ನ ಮನೆಮನೆಗೆ ಹೊರಟೆವು. ಯಾರೂ ನಮ್ಮನ್ನು ಅಂಗಳದಿಂದ ಹಿಂದೆ ಕಳಿಸಲಿಲ್ಲ. ಕಾಫಿ ಕೊಟ್ಟರು, ಹಲಸಿನ ಹಪ್ಪಳ ಸುಟ್ಟು ಕೊಟ್ಟರು. ‘ಇದೊಂದು ನೆಟ್ಟಿ ಮುಗೀಲಿ ಮೇಷ್ಟ್ರೇ, ಕಳಿಸ್ತೀವಿ’ ಎಂದರು. ನೆಟ್ಟಿ ಮುಗಿಯುವ ಹೊತ್ತಿಗೆ ದಾಖಲಾತಿಯ ಅವಧಿ ಮುಗಿದಿರುತ್ತಿತ್ತು. ಒಬ್ಬ ತಾಯಿ ಮಾತ್ರ ಒಳಗಿನ ಕಾರಣ ಹೇಳಿದಳು: ‘ಓದಿಸಬಾರದು ಅಂತಲ್ಲ ಸಾರ್. ಆ ಹಳ್ಳ, ಆ ಕಾಡುದಾರಿ. ಸಂಜೆ ಐದಕ್ಕೆ ಕತ್ತಲಾಗತ್ತೆ. ಇವಳ ಜೊತೆಗೆ ಬರೋರು ಯಾರಿದ್ದಾರೆ?’

ಆ ಮಾತು ನನ್ನನ್ನು ಬಿಡಲಿಲ್ಲ. ಹೆಣ್ಣುಮಕ್ಕಳನ್ನು ಓದಿಸಲು ಜನಕ್ಕೆ ತಿಳಿವಳಿಕೆ ಸಾಲದು ಎಂದು ನಾವು ಭಾಷಣ ಮಾಡುತ್ತಿದ್ದೆವು. ತಿಳಿವಳಿಕೆ ಸಾಲದೆ ಇದ್ದದ್ದು ನಮಗೆ. ಮರುವರ್ಷದಿಂದ ಒಂದು ಹಳ್ಳಿಯ ಹುಡುಗಿಯರನ್ನು ಒಟ್ಟಿಗೇ ಸೇರಿಸಲು ಹೊರಟೆವು. ಇಬ್ಬರು ಬರುವುದಾದರೆ ಮೂರನೆಯವಳ ಅಪ್ಪ ಒಪ್ಪುತ್ತಿದ್ದ. ಕೊನೆಯ ಪೀರಿಯಡ್ಡನ್ನು ಮಳೆಗಾಲದಲ್ಲಿ ಬೆಳಿಗ್ಗೆಗೆ ಎಳೆದು ಬೇಗ ಬಿಡುತ್ತಿದ್ದೆವು. ಕಾಲುಸಂಕದ ಪಕ್ಕಕ್ಕೆ ಹಿಡಿದುಕೊಳ್ಳಲು ಗಳ ಕಟ್ಟಿಸಿದೆವು. ಹೀಗೆ ಸೇರಿದ ಮೊದಲ ಗುಂಪಿನಲ್ಲಿ ಒಬ್ಬಳು ಮುಂದೆ ಇದೇ ತಾಲೂಕಿನಲ್ಲಿ ನರ್ಸ್ ಆದಳು, ಇನ್ನೊಬ್ಬಳು ಪ್ರಾಥಮಿಕ ಶಾಲೆಯ ಟೀಚರ್ ಆಗಿ ತನ್ನ ವಿದ್ಯಾರ್ಥಿನಿಯರನ್ನು ಜೂನ್‌ನಲ್ಲಿ ತಾನೇ ಕರೆತಂದು ನಮ್ಮ ಕಚೇರಿಯ ಮುಂದೆ ನಿಲ್ಲಿಸುತ್ತಿದ್ದಳು. ಎಲ್ಲ ಹೆಸರುಗಳೂ ಹೀಗೆ ದಡ ಸೇರಲಿಲ್ಲ. ‘ಶಾಲೆ ಬಿಟ್ಟ ಕಾರಣ’ ಎಂಬ ಕೊನೆಯ ಅಂಕಣದಲ್ಲಿ ‘ದೀರ್ಘ ಗೈರುಹಾಜರಿ’ ಎಂದು ನನ್ನದೇ ಕೈಬರಹದಲ್ಲಿದೆ. ಅವುಗಳಲ್ಲಿ ಎಷ್ಟೋ ನಮೂದುಗಳ ನಿಜವಾದ ಕಾರಣ ಮದುವೆ ಎಂದು ಆಗಲೂ ನನಗೆ ಗೊತ್ತಿತ್ತು. ಬರೆಯಲು ಕೈ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ದಾರಿಯ ಕಷ್ಟ ಕಡಿಮೆಯಾದಂತೆ ವಹಿಯಲ್ಲಿ ಹುಡುಗಿಯರ ಹೆಸರು ಏರುತ್ತ ಹೋದುದನ್ನು ಬೆರಳಿಟ್ಟು ತೋರಿಸಬಹುದು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಮಲೆನಾಡಿನ ಮೂಲೆಯ ದಾರಿಗಳಿಗೂ ಆ ಬಸ್ಸು ಹೋಗುತ್ತಿತ್ತು, ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಇತ್ತು. ಕಂಡಕ್ಟರ್‌ಗೆ ಮಕ್ಕಳ ಹೆಸರು ಗೊತ್ತಿರುತ್ತಿತ್ತು, ಒಂದು ಮಗು ಬರುವುದು ತಡವಾದರೆ ಹಾರ್ನ್ ಹೊಡೆದು ಕಾಯುವ ಬಸ್ಸುಗಳ ಕಾಲ ಅದು. 2020ರಲ್ಲಿ ಆ ಸಂಸ್ಥೆ ಓಡಾಟ ನಿಲ್ಲಿಸಿದ ಸುದ್ದಿ ಓದಿದಾಗ ಮನೆಯ ಹಿರಿಯರೊಬ್ಬರು ಹೋದಷ್ಟು ಬೇಸರವಾಯಿತು. 2006-07ರಲ್ಲಿ ಸರಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ತೊಡಗಿತು, ಮರುವರ್ಷ ಹುಡುಗರಿಗೂ ಬಂತು. ಏರುದಾರಿಯಲ್ಲಿ ಸೈಕಲ್ ಏನು ಪ್ರಯೋಜನ ಎಂದು ಕೇಳಿದವರಿದ್ದರು. ನಮ್ಮ ಹುಡುಗಿಯರು ಬರುವಾಗ ತಳ್ಳಿಕೊಂಡು ಬಂದರು, ಹೋಗುವಾಗ ಇಳಿಜಾರಿನಲ್ಲಿ ಹತ್ತು ನಿಮಿಷಕ್ಕೆ ಮನೆ ತಲುಪಿದರು. ಕತ್ತಲಾಗುವ ಮುಂಚೆ ಮನೆ ಸೇರುವುದೇ ಆ ತಾಯಿಗೆ ಬೇಕಾಗಿದ್ದದ್ದು. ಕೊರೊನಾ ಕಾಲದಲ್ಲಿ ಆ ಯೋಜನೆ ನಿಂತಿತು. ಅದು ನಿಲ್ಲಬಾರದಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಸಿಯೂಟ ಪ್ರಾಥಮಿಕ ಶಾಲೆಗಳಿಂದ ಪ್ರೌಢಶಾಲೆಗೆ ಬಂದದ್ದು 2007-08ರಲ್ಲಿ. ಅದಕ್ಕೆ ಮೊದಲು ಮಧ್ಯಾಹ್ನ ಬುತ್ತಿ ಬಿಚ್ಚದೆ ಬಾವಿಕಟ್ಟೆಯ ಹತ್ತಿರ ಸುಮ್ಮನೆ ಕುಳಿತಿರುತ್ತಿದ್ದ ಮಕ್ಕಳು ಯಾರು ಯಾರೆಂದು ನಮಗೆ ಗೊತ್ತಿತ್ತು. ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ಕುಳಿತ ಮೊದಲ ದಿನ, ಬುತ್ತಿ ತರುತ್ತಿದ್ದವರೂ ತಾರದವರೂ ಗುರುತು ಸಿಗದಂತೆ ಬೆರೆತರು. ಆಮೇಲೆ 2013ರಲ್ಲಿ ಹಾಲು, ಮುಂದೆ ಶೂ, ಮೊಟ್ಟೆ. ಇವನ್ನೆಲ್ಲ ಪುಕ್ಕಟೆ ಎಂದು ಹಗುರವಾಗಿ ಆಡುವವರು ಆ ಬಾವಿಕಟ್ಟೆಯನ್ನು ಒಮ್ಮೆ ನೆನೆಯಬೇಕು.

ಹುಡುಗಿಯರ ಸಂಖ್ಯೆ ಏರಿದ ಅದೇ ವರ್ಷಗಳಲ್ಲಿ ಒಟ್ಟು ಸಂಖ್ಯೆ ಇಳಿಯತೊಡಗಿತ್ತು. ಕಾರಣಗಳು ಒಂದರ ಮೇಲೊಂದು ಬಂದವು. ಹಿರಿಯ ಪ್ರಾಥಮಿಕ ಶಾಲೆಗಳಿಗೇ ಎಂಟನೇ ತರಗತಿ ಸೇರಿಸಿದ್ದರಿಂದ ಕೆಲವು ಹಳ್ಳಿಗಳ ಮಕ್ಕಳು ನೇರ ಒಂಬತ್ತನೆಯದಕ್ಕೆ ಬರತೊಡಗಿದರು. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗಳ ಹಳದಿ ವ್ಯಾನು ನಮ್ಮ ಗೇಟಿನ ಮುಂದೆಯೇ ಹಾದು ಹೋಗುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಹಳ್ಳಿಯಲ್ಲಿ ಮಕ್ಕಳೇ ಇಲ್ಲ. ಒಂದು ಕಾಲಕ್ಕೆ ಐದು ಮಕ್ಕಳು ಶಾಲೆಗೆ ಹೊರಡುತ್ತಿದ್ದ ಮನೆಯಲ್ಲಿ ಈಗ ಅಜ್ಜ ಅಜ್ಜಿ ಇಬ್ಬರೇ. ನಮ್ಮಲ್ಲಿ ಓದಿದವರೇ ಬೆಂಗಳೂರಿನಲ್ಲಿದ್ದಾರೆ. ಅವರ ಮಕ್ಕಳು ಅಲ್ಲಿ ಓದುತ್ತಾರೆ. ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. ಹೊರಗೆ ಹೋಗಿ ಬಾಳುವ ಶಕ್ತಿಯನ್ನು ಕೊಟ್ಟದ್ದು ಈ ಶಾಲೆಯೇ.

2020ರ ಜೂನ್ ಮಾತ್ರ ಬೇರೆ ಯಾವ ವರ್ಷವನ್ನೂ ಹೋಲುವುದಿಲ್ಲ. ಆ ತಿಂಗಳ ಪುಟ ಖಾಲಿ. ಹೊಸ ತರಗತಿ ಶುರುವಾಗಬೇಕಿದ್ದ ಹೊತ್ತಿನಲ್ಲಿ ಹಳೆಯ ತರಗತಿಯ ಪರೀಕ್ಷೆ ನಡೆಯಿತು. ಜೂನ್ 25ರಿಂದ ಎಸ್.ಎಸ್.ಎಲ್.ಸಿ.; ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಹಾಕಿ, ಹಣೆಗೆ ಥರ್ಮಾಮೀಟರ್ ಹಿಡಿಸಿಕೊಂಡು ಒಳಗೆ ಹೋದರು. ನಾನು ನಿವೃತ್ತನಾಗಿದ್ದೆ, ಆದರೂ ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಹಿಡಿದು ನಿಂತಿದ್ದೆ. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಸಮುದಾಯ ಭವನ, ಅಡಿಕೆ ಚಪ್ಪರಗಳಿಗೆ ಹೋಗಿ ಪಾಠ ಹೇಳಿದರು. ಮೊಬೈಲ್ ಪಾಠಕ್ಕೆ ನೆಟ್‌ವರ್ಕ್ ಸಿಗದೆ ಮಕ್ಕಳು ಕೊಡೆ ಹಿಡಿದು ಗುಡ್ಡದ ನೆತ್ತಿಗೆ ಹತ್ತಿದರು. ಚಂದನ ವಾಹಿನಿಯ ಪಾಠ ನೋಡಲು ಟಿ.ವಿ. ಇದ್ದ ಮನೆಗೆ ನಾಲ್ಕು ಮನೆಯ ಮಕ್ಕಳು ಸೇರಿದರು. ಊರಿನ ಜಗಲಿಗೆ ಶಾಲೆ ಹೋದಾಗ ಒಂದು ವಿಷಯ ಹೊಳೆಯಿತು: ಮೂವತ್ತೇಳು ವರ್ಷ ಹಿಂದೆ ನಾನೂ ಗಣಿತದ ಮೇಷ್ಟ್ರೂ ಶನಿವಾರ ತಿರುಗಿದ ದಾರಿಗಳೇ ಅವು.

ಈಗ ಶಾಲೆ ಜೂನ್‌ವರೆಗೆ ಕಾಯುವುದಿಲ್ಲ. ಕೆಲವು ವರ್ಷಗಳಿಂದ ಮೇ 29ಕ್ಕೇ ಬಾಗಿಲು ತೆರೆಯುತ್ತದೆ. ಮೊದಲೆರಡು ದಿನ ಸ್ವಚ್ಛತೆ, ಆಮೇಲೆ ತಳಿರು ತೋರಣ ಕಟ್ಟಿ ಪ್ರಾರಂಭೋತ್ಸವ, ಮಕ್ಕಳಿಗೆ ಹೂ ಕೊಟ್ಟು ಸಿಹಿ ಕೊಟ್ಟು ಸ್ವಾಗತ. ಬಳಿಕ ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ನೋಡುವ ಸೇತುಬಂಧ. ಮಗುವಿನ ವಿವರವೆಲ್ಲ ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಕೂರುತ್ತದೆ, ಟಿ.ಸಿ.ಯೂ ಅಲ್ಲಿಂದಲೇ ಬರುತ್ತದೆ. ಅನುಕೂಲವಿದೆ, ಸಂತೋಷ. ಆದರೂ ವಹಿಯಲ್ಲಿ ಕೈಯಿಂದ ಬರೆಯುವ ಪದ್ಧತಿಯನ್ನು ಈಗಿನ ಹೆಡ್ ಮೇಡಂ ಬಿಟ್ಟಿಲ್ಲ, ಬಿಡಕೂಡದೆಂದು ನಾನೂ ಕೇಳಿಕೊಂಡಿದ್ದೇನೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಾಗ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಹಿಂದಿನ ವರ್ಷದ 83.89ರಿಂದ ಶೇ. 73.40ಕ್ಕೆ ಇಳಿಯಿತು. ಕೃಪಾಂಕ ಹೆಚ್ಚಿಸಿಯೂ ಅಷ್ಟೇ. ಕ್ಯಾಮೆರಾ ತೋರಿಸಿದ ಆ ಸತ್ಯವನ್ನು ಎದುರಿಸುವ ಜಾಗ ಮಾರ್ಚ್‌ನ ಪರೀಕ್ಷಾ ಕೊಠಡಿಯಲ್ಲಿಲ್ಲ, ಜೂನ್‌ನ ಎಂಟನೇ ತರಗತಿಯಲ್ಲಿದೆ. ಓದಲು ತಡವರಿಸುವ ಮಗುವನ್ನು ಮೊದಲ ತಿಂಗಳಲ್ಲೇ ಗುರುತಿಸಿ ಪಕ್ಕದಲ್ಲಿ ಕೂರಿಸಿಕೊಂಡರೆ ಮೂರು ವರ್ಷ ಸಮಯವಿರುತ್ತದೆ.

2026ರ ಜೂನ್ ಇನ್ನೊಂದು ಕಾರಣಕ್ಕೆ ಮುಖ್ಯ. 2019ರಲ್ಲಿ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಅಂದು ಸೇರಿದ ಮಕ್ಕಳು ಎಂಟನೆಯದಕ್ಕೆ ಕಾಲಿಡುವ ಜೂನ್ ಅದು. ಕನ್ನಡ ಮೇಷ್ಟ್ರಾದ ನನಗೆ ಆ ನಿರ್ಧಾರದ ಬಗ್ಗೆ ನೋವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಮಕ್ಕಳು ನಮ್ಮ ಮಕ್ಕಳು. ಇಲ್ಲದ ಊರಿನ ಟಿ.ಸಿ. ತಂದವರನ್ನು ಒಳಗೆ ಕರೆದ ಶಾಲೆ ಇದು. ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ವಿಜ್ಞಾನ ಕಲಿತು ಬಂದವರನ್ನೂ ಕರೆಯಬೇಕು, ಅವರಿಗೆ ಪಾಠ ಹೇಳುವ ತಯಾರಿ ನಮ್ಮ ಮೇಷ್ಟ್ರುಗಳಿಗೆ ಈಗಿನಿಂದಲೇ ಸಿಗಬೇಕು. ಕನ್ನಡವನ್ನು ಅವರು ಅಂಕಕ್ಕಾಗಿ ಮಾತ್ರ ಓದದಂತೆ ನೋಡಿಕೊಳ್ಳುವುದು ನನ್ನ ನಂತರ ಬಂದ ಕನ್ನಡ ಮೇಷ್ಟ್ರುಗಳ ಹೊಣೆ.

ಮಕ್ಕಳ ಸಂಖ್ಯೆ ಇಳಿದಾಗಲೆಲ್ಲ ಅಕ್ಕಪಕ್ಕದ ಪ್ರೌಢಶಾಲೆಗಳನ್ನು ಒಂದುಗೂಡಿಸುವ ಮಾತು ಬರುತ್ತದೆ. ಬಯಲುಸೀಮೆಯಲ್ಲಿ ಐದು ಕಿಲೋಮೀಟರ್ ಎಂದರೆ ಐದು ಕಿಲೋಮೀಟರ್. ಇಲ್ಲಿ ಅದು ಎರಡು ಹಳ್ಳ, ಒಂದು ಘಟ್ಟ, ಜುಲೈನ ಒಂದು ಕತ್ತಲ ಸಂಜೆ. 2023ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ನಿಜ, ನಮ್ಮ ದಾರಿಯಲ್ಲಿ ಓಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಶಾಲೆ ದೂರವಾದರೆ ಮೊದಲು ಮನೆಯಲ್ಲಿ ಉಳಿಯುವವಳು ಯಾರೆಂದು ಅರವತ್ತು ವರ್ಷದ ವಹಿ ಹೇಳುತ್ತದೆ. ಆದ್ದರಿಂದ ಈ ಶಾಲೆ ಇಲ್ಲಿಯೇ ಇರಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಎರಡು. ಮೊದಲ ಎರಡು ವಹಿಗಳ ಹಾಳೆಗಳು ಅಂಚಿನಲ್ಲಿ ಪುಡಿಯಾಗುತ್ತಿವೆ. ಅವನ್ನು ಸ್ಕ್ಯಾನ್ ಮಾಡಿಸಿ, ಮತ್ತೆ ಹೊಲಿಸಿ ಬೈಂಡ್ ಮಾಡಿಸಲು ನೆರವಾಗಿ. ಎರಡನೆಯದು, ಊರಿಗೆ ಬಂದಾಗ ನಿಮ್ಮ ಕೇರಿಯಲ್ಲಿ ಏಳನೇ ತರಗತಿ ಮುಗಿಸಿ ಮನೆಯಲ್ಲಿ ಕುಳಿತ ಮಗು ಇದೆಯೇ ಎಂದು ವಿಚಾರಿಸಿ, ಇದ್ದರೆ ಅಪ್ಪ ಅಮ್ಮನ ಜೊತೆ ಮಾತಾಡಿ ಕರೆದುಕೊಂಡು ಬನ್ನಿ. ಟಿ.ಸಿ., ಆಧಾರ್ ನಕಲು, ಎರಡು ಫೋಟೋ ಸಾಕು. ಯಾವುದಾದರೊಂದು ಕಾಗದ ಇಲ್ಲದಿದ್ದರೂ ಬನ್ನಿ. ಹತ್ತು ಗಂಟೆಗೆ ಕಚೇರಿ ತೆರೆದಿರುತ್ತದೆ.